ಅಂಗೈಯಲ್ಲಿ ಕಣ್ಣು

ಕಾಡಿನ ದಾರಿಯಲ್ಲಿ ಕಾರು ನಿಂತಿದೆ. ಬಸುರಿ ತಾಯಿಗೆ ಹೊಟ್ಟೆ ತೊಳಸಿದಂತಾಗಿ ಕೆಳಗಿಳಿದಿದ್ದಾಳೆ. ಹತ್ತು ಹನ್ನೊಂದರ ಮಗಳು ಅತ್ತಿತ್ತ ಅಡ್ಡಾಡುತ್ತಿದ್ದವಳು ಕಾಲ ಬಳಿ ಬಿದ್ದಿದ್ದ ಕಲ್ಲಿನ ಚೂರೊಂದನ್ನು ಎತ್ತಿಕೊಳ್ಳುತ್ತಾಳೆ. ಅದರ ಮೇಲೊಂದು ಕಣ್ಣು ಕೆತ್ತಿದೆ. ಸ್ವಲ್ಪ ಆಚೆಗೆ, ಗಿಡಗಂಟಿಗಳ ನಡುವೆ ಹಳೆಯದೊಂದು ಶಿಲೆ ನಿಂತಿದೆ. ಅದರ ಮುಖದಲ್ಲಿ ಒಂದು ಕಣ್ಣಿನ ಜಾಗ ಖಾಲಿ. ಹುಡುಗಿ ಚೂರನ್ನು ಅಲ್ಲಿ ಕೂರಿಸುತ್ತಾಳೆ. ಶಿಲೆಯ ಬಾಯಿಂದ ಕಡ್ಡಿಯಂಥ ಹುಳವೊಂದು ಹೊರಗೆ ಬರುತ್ತದೆ. ಕಥೆ ಅಲ್ಲಿಂದ ಹೊರಡುತ್ತದೆ.

ಮೆಕ್ಸಿಕೊದ ಗಿಲ್ಯೆರ್ಮೊ ಡೆಲ್ ಟೊರೊ ಬರೆದು ನಿರ್ದೇಶಿಸಿದ ಈ ಸ್ಪ್ಯಾನಿಷ್ ಚಿತ್ರ 2006ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ನಮಗೆಲ್ಲ ಅದು ಪರಿಚಯವಾದದ್ದು 'ಪ್ಯಾನ್ಸ್ ಲ್ಯಾಬಿರಿಂತ್' ಎಂಬ ಇಂಗ್ಲಿಷ್ ಹೆಸರಿನಿಂದ. ಮರುವರ್ಷ ಆಸ್ಕರ್‌ಗೆ ಆರು ನಾಮನಿರ್ದೇಶನ ಪಡೆದು ಮೂರನ್ನು ಗೆದ್ದಿತು. ಛಾಯಾಗ್ರಹಣಕ್ಕೆ ಗಿಲ್ಯೆರ್ಮೊ ನವಾರೊ, ಕಲಾ ನಿರ್ದೇಶನಕ್ಕೆ ಯೂಹೆನಿಯೊ ಕಬಯೆರೊ ಮತ್ತು ಪಿಲಾರ್ ರೆವುಯೆಲ್ತಾ, ಮೇಕಪ್‌ಗೆ ಡೇವಿಡ್ ಮಾರ್ತಿ ಮತ್ತು ಮೊಂತ್ಸೆ ರಿಬೆ. ಮೂರೂ ಕಣ್ಣಿಗೆ ಸಂಬಂಧಿಸಿದ ಬಹುಮಾನಗಳೇ. ಹಾಗಾಗಿ ಈ ಚಿತ್ರವನ್ನು 'ಕಣ್ಣಿಗೆ ಹಬ್ಬ' ಎಂದು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಎಷ್ಟೋ ಜನ ಹಾಗೆ ಮಾಡಿದ್ದಾರೆ ಕೂಡ.

ಆದರೆ ಹಬ್ಬದೂಟದಂತೆ ಉಂಡು ಏಳುವ ಚೆಲುವಲ್ಲ ಇದು. ಈ ಚಿತ್ರದ ಸೌಂದರ್ಯಕ್ಕೆ ಒಂದು ನೈತಿಕ ಕೆಲಸವಿದೆ ಎಂದು ನನಗನ್ನಿಸುತ್ತದೆ. ಅದು ನಮಗೆ ನೋಡುವುದನ್ನು ಕಲಿಸುತ್ತದೆ. ನೋಡದೆ ಇರುವುದು ಕ್ರೌರ್ಯದ ಮೊದಲ ಮೆಟ್ಟಿಲು. ಆ ನೋಡದಿರುವಿಕೆಗೆ ಲೋಕ ಎಷ್ಟೋ ಸಲ ವಿಧೇಯತೆ ಎಂಬ ಮರ್ಯಾದೆಯ ಅಂಗಿ ತೊಡಿಸುತ್ತದೆ. ಕಣ್ಣು ಮತ್ತು ಆಜ್ಞೆ, ಇವೆರಡರ ಜಗಳವೇ ಇಲ್ಲಿನ ಕಥೆ.

ಕಾಲ 1944. ಸ್ಪೇನಿನ ಅಂತರ್ಯುದ್ಧ 1939ರಲ್ಲಿ ಮುಗಿದು ಜನರಲ್ ಫ್ರಾಂಕೊ ಗೆದ್ದಾಗಿದೆ. ಸೋತವರಲ್ಲಿ ಕೆಲವರು ಮಾತ್ರ ಶರಣಾಗದೆ ಕಾಡು ಬೆಟ್ಟಗಳಲ್ಲಿ ಉಳಿದು ಗೆರಿಲ್ಲಾ ಹೋರಾಟ ಮುಂದುವರಿಸಿದ್ದಾರೆ. ಅವರನ್ನು ಹುಡುಕಿ ಮುಗಿಸಲು ಕ್ಯಾಪ್ಟನ್ ವಿದಾಲ್ ಎಂಬ ಸೇನಾಧಿಕಾರಿ ಕಾಡಂಚಿನ ಹಳೆಯ ಗಿರಣಿಯೊಂದರಲ್ಲಿ ಬೀಡುಬಿಟ್ಟಿದ್ದಾನೆ. ಕಾರಿನಲ್ಲಿ ಬಂದ ಆ ಹುಡುಗಿ ಒಫೀಲಿಯಾಳ ವಿಧವೆ ತಾಯಿ ಕಾರ್ಮೆನ್ ಅವನನ್ನು ಮದುವೆಯಾಗಿದ್ದಾಳೆ, ಅವನ ಮಗುವನ್ನು ಹೊತ್ತಿದ್ದಾಳೆ. ಮಗ ಹುಟ್ಟಿದರೆ ತನ್ನೆದುರೇ ಹುಟ್ಟಬೇಕು ಎಂಬ ಹಟಕ್ಕೆ ತುಂಬು ಬಸುರಿಯನ್ನು ಆ ದುರ್ಗಮ ಜಾಗಕ್ಕೆ ಕರೆಸಿಕೊಂಡಿದ್ದಾನೆ. ಕಾರಿನಿಂದಿಳಿದ ಹುಡುಗಿ ಪುಸ್ತಕಗಳನ್ನು ಎದೆಗವಚಿಕೊಂಡು ಎಡಗೈ ಚಾಚುತ್ತಾಳೆ. ಅವನು ಆ ಕೈಯನ್ನು ಗಟ್ಟಿಯಾಗಿ ಹಿಡಿದು, ಚಾಚಬೇಕಾದದ್ದು ಇನ್ನೊಂದು ಕೈ ಎಂದು ತಿದ್ದುತ್ತಾನೆ. ಮಗು ಕಾಣುವ ಮುಂಚೆ ಅವನಿಗೆ ತಪ್ಪು ಕಂಡಿತು. ಅವನನ್ನು ಅರಿಯಲು ಅಷ್ಟು ಸಾಕು.

ಗಿರಣಿಯ ಹಿಂದೆ ಪುರಾತನ ಕಲ್ಲಿನ ಚಕ್ರವ್ಯೂಹವೊಂದಿದೆ. ರಾತ್ರಿ ಒಫೀಲಿಯಾ ಅಲ್ಲಿಗಿಳಿದಾಗ ಮೇಕೆಯ ಕಾಲು, ಸುರುಳಿ ಕೊಂಬು, ತೊಗಟೆಯಂಥ ಮೈಯ ವನದೇವತೆಯೊಂದು ಎದುರಾಗುತ್ತದೆ. ಅದು ಫಾನ್. ನೀನು ಪಾತಾಳ ಲೋಕದ ರಾಜಕುಮಾರಿ, ಹಿಂದೆಂದೋ ಮೇಲಿನ ಲೋಕ ನೋಡುವ ಆಸೆಗೆ ಓಡಿ ಬಂದವಳು, ಬಿಸಿಲಿಗೆ ಕಣ್ಣು ಕುರುಡಾಗಿ ನೆನಪು ಅಳಿಸಿಹೋದವಳು ಎಂದು ಅದು ಹೇಳುತ್ತದೆ. ಮರಳಿ ಹೋಗಬೇಕಾದರೆ ಹುಣ್ಣಿಮೆಯೊಳಗೆ ಮೂರು ಪರೀಕ್ಷೆ ಗೆಲ್ಲಬೇಕು. ಹೀಗೆ ಒಂದೇ ಅಂಗಳದಲ್ಲಿ ಎರಡು ಲೋಕಗಳು: ಮೇಲೆ ಕ್ಯಾಪ್ಟನ್ನನ ಗಡಿಯಾರ, ಬೂಟು, ಬಂದೂಕು, ಕೆಳಗೆ ಬೇರು, ಮಣ್ಣು, ಬಂಗಾರದ ಬೆಳಕು.

ಈ ಎರಡು ಲೋಕಗಳನ್ನು ಡೆಲ್ ಟೊರೊ ಬೇರೆಬೇರೆ ಬಣ್ಣದಲ್ಲಿ ಅದ್ದಿ ತೆಗೆದಿದ್ದಾರೆ. ಕ್ಯಾಪ್ಟನ್ನನ ಲೋಕ ತಣ್ಣನೆಯ ನೀಲಿ, ಬೂದು. ಅಲ್ಲಿ ಎಲ್ಲವೂ ನೇರ ಗೆರೆ, ಚೂಪು ಮೂಲೆ. ಪಾತಾಳದ್ದು ಹೊಂಬಣ್ಣ, ರಕ್ತಗೆಂಪು; ಅಲ್ಲಿ ಎಲ್ಲವೂ ಬಳುಕು, ದುಂಡು. ಮೊದಲ ಪರೀಕ್ಷೆಯ ಕಪ್ಪೆ ಅಡಗಿರುವ ಅಂಜೂರದ ಮರದ ಸೀಳು ಮತ್ತು ಅದರ ಎರಡು ಬಾಗಿದ ಕೊಂಬೆಗಳನ್ನು ಗಮನಿಸಿ, ಅದು ಗರ್ಭಕೋಶದ ಆಕಾರ. ಫಾನಿನ ಕೊಂಬುಗಳಲ್ಲೂ ಅದೇ ಬಾಗು. ಎಷ್ಟೋ ಕಡೆ ಕ್ಯಾಮೆರಾ ಮರದ ಕಪ್ಪು ಕಾಂಡವೊಂದರ ಹಿಂದೆ ಹಾದು ಆಚೆ ಬರುವಷ್ಟರಲ್ಲಿ ಇನ್ನೊಂದು ಲೋಕದಲ್ಲಿರುತ್ತದೆ. ಮಾಯಾಲೋಕ ಎಲ್ಲೋ ಏಳು ಸಮುದ್ರದಾಚೆ ಇಲ್ಲ, ಒಂದು ಮರದ ಮರೆಯಲ್ಲಿದೆ ಎನ್ನುವುದನ್ನು ಒಂದು ಮಾತೂ ಆಡದೆ ಹೇಳುವ ಬಗೆ ಇದು. ಕಥೆ ಮುಂದೆ ಹೋದಂತೆ ಎರಡೂ ಬಣ್ಣಗಳು ಒಂದರೊಳಗೊಂದು ಸೋರತೊಡಗುತ್ತವೆ.

ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದೊಂದು ರಸಕ್ಕೂ ಒಂದೊಂದು ಬಣ್ಣ ಹೇಳಿದೆ. ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು. ಕ್ಯಾಪ್ಟನ್ನನ ನೀಲಿ, ಪಾತಾಳದ ಹಳದಿ, ತಾಯಿಯ ಕೋಣೆಯ ಬೂದು ಇವನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಬೆರಗಾಗುತ್ತದೆ. ಡೆಲ್ ಟೊರೊ ಭರತನನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಮನುಷ್ಯನ ಕಣ್ಣಿಗೂ ಎದೆಗೂ ನಡುವೆ ಇರುವ ದಾರಿ ಎಲ್ಲ ನಾಡಿನಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು. ಭಯಾನಕ, ಬೀಭತ್ಸಗಳನ್ನೂ ರಸಗಳ ಸಾಲಿನಲ್ಲಿಯೇ ಕೂರಿಸಿದ ಪರಂಪರೆ ನಮ್ಮದು. ಹೇಸಿಗೆ ಹುಟ್ಟಿಸುವುದನ್ನೂ ಕಲೆ ತೋರಿಸಬಲ್ಲದು, ತೋರಿಸಬೇಕು ಎಂಬ ಒಪ್ಪಿಗೆ ಅದರಲ್ಲಿದೆ. ಹಾಗಿರುವಾಗ ಕತ್ತಲ ಚಿತ್ರಗಳೆಂದರೆ ಮೂಗು ಮುರಿಯುವುದು ನಮಗೆ ಒಪ್ಪುವ ಮಾತಲ್ಲ.

ಇನ್ನು ಚಿತ್ರದ ಅತ್ಯಂತ ಘೋರ ದೃಶ್ಯಕ್ಕೆ ಬರೋಣ. ಅದರಲ್ಲಿ ರಾಕ್ಷಸರಿಲ್ಲ. ರಾತ್ರಿ ಕಾಡಿನಲ್ಲಿ ಸಿಕ್ಕ ತಂದೆ ಮಗ ಇಬ್ಬರನ್ನು ಸೈನಿಕರು ಹಿಡಿದು ತಂದಿದ್ದಾರೆ. ಮೊಲದ ಬೇಟೆಗೆ ಹೋಗಿದ್ದೆವು ಎನ್ನುತ್ತಾನೆ ಮಗ. ಕ್ಯಾಪ್ಟನ್ ಅವರ ಚೀಲದಿಂದ ಒಂದೆರಡು ವಸ್ತು ತೆಗೆದು ನೋಡಿದಂತೆ ಮಾಡುತ್ತಾನೆ. ನಂತರ ಬಾಟಲಿಯೊಂದನ್ನೆತ್ತಿ, ಮುಖದಲ್ಲಿ ಕೋಪದ ಸುಳಿವೂ ಇಲ್ಲದೆ, ಮಗನ ಮುಖಕ್ಕೆ ಹೊಡೆಯುತ್ತಾನೆ. ಮತ್ತೆ ಮತ್ತೆ ಹೊಡೆಯುತ್ತಾನೆ. ತಂದೆಗೆ ಗುಂಡು. ಎಲ್ಲ ಮುಗಿದ ಮೇಲೆ ಚೀಲದ ತಳಕ್ಕೆ ಕೈ ಹಾಕಿದರೆ ಮೊಲ ಸಿಗುತ್ತದೆ. ಅವನ ಮುಖದಲ್ಲಿ ಪಶ್ಚಾತ್ತಾಪವಿಲ್ಲ, ನಾಚಿಕೆಯೂ ಇಲ್ಲ. ನನಗೆ ತೊಂದರೆ ಕೊಡುವ ಮುಂಚೆ ಸರಿಯಾಗಿ ಶೋಧಿಸುವುದನ್ನು ಕಲಿಯಿರಿ ಎಂದು ಕೈಕೆಳಗಿನವರನ್ನು ಗದರಿ ಹೊರಡುತ್ತಾನೆ. ಮೊಲ ಅಡುಗೆಮನೆಗೆ ಹೋಗುತ್ತದೆ.

ಎರಡು ಜೀವಗಳ ಬೆಲೆ ಚೀಲದೊಳಗೆ ಇನ್ನೊಂದು ಗೇಣು ಕೈ ಹಾಕುವಷ್ಟೇ ಇತ್ತು. ಕ್ರೌರ್ಯದ ಬಗ್ಗೆ ಬರೆದ ದೊಡ್ಡ ದೊಡ್ಡ ಗ್ರಂಥಗಳು ಹೇಳುವುದನ್ನು ಈ ಎರಡು ನಿಮಿಷ ಹೇಳಿಬಿಡುತ್ತವೆ. ವಿದಾಲ್ ಕೊಲ್ಲುವುದು ದ್ವೇಷಕ್ಕಲ್ಲ. ಅವನ ಮನಸ್ಸಿನಲ್ಲಿ ತೀರ್ಪು ಮೊದಲೇ ಬರೆದಿದೆ. ಚೀಲ ನೋಡುವುದು ಬರೀ ಶಾಸ್ತ್ರ. ನಮ್ಮ ಕಚೇರಿಗಳಲ್ಲಿ, ಮನೆಗಳಲ್ಲಿ, ಬೀದಿಯಲ್ಲಿ ಗುಂಪು ಕಟ್ಟಿ ಕೂಗುವಾಗ ನಾವು ಮಾಡುವುದೂ ಎಷ್ಟೋ ಸಲ ಇದನ್ನೇ. ನಮ್ಮ ಕೈಯಲ್ಲಿ ಬಾಟಲಿ ಇಲ್ಲ, ಅಷ್ಟೇ ವ್ಯತ್ಯಾಸ. ಒಬ್ಬರ ಹೆಸರು, ಊರು, ಉಡುಗೆ ಕೇಳಿದ ಕೂಡಲೇ ತೀರ್ಪು ಸಿದ್ಧವಾಗಿರುತ್ತದೆ. ಮೊಲ ಸಿಕ್ಕ ಮೇಲೆ ನಾವೂ ಬೇರೆ ಯಾರನ್ನೋ ಗದರುತ್ತೇವೆ.

ಈ ದೃಶ್ಯವನ್ನು ನೋಡಿದ ಮೇಲೆ ಎರಡನೆಯ ಪರೀಕ್ಷೆಯ ರಾಕ್ಷಸ ಅರ್ಥವಾಗುತ್ತಾನೆ. ಒಫೀಲಿಯಾ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬಾಗಿಲು ಬರೆದು ಒಳಗಿಳಿಯುತ್ತಾಳೆ. ಉದ್ದನೆಯ ಮೇಜಿನ ತುಂಬ ಹಣ್ಣು, ಮಾಂಸ, ಸಿಹಿ. ಮೇಜಿನ ತಲೆಯಲ್ಲಿ, ಉರಿಯುವ ಒಲೆಗೆ ಬೆನ್ನು ಮಾಡಿ, ಒಂದು ಬಿಳಿಚಿದ ಆಕೃತಿ ಕೂತಿದೆ. ಚರ್ಮ ಜೋತುಬಿದ್ದಿದೆ. ಮುಖದಲ್ಲಿ ಮೂಗಿನ ಹೊಳ್ಳೆ, ಬಾಯಿ ಬಿಟ್ಟರೆ ಏನಿಲ್ಲ. ಕಣ್ಣುಗುಡ್ಡೆಗಳೆರಡು ಎದುರಿನ ತಟ್ಟೆಯಲ್ಲಿವೆ. ಅವನ್ನು ಎತ್ತಿ ಅಂಗೈಯ ಸೀಳುಗಳಲ್ಲಿ ಸಿಕ್ಕಿಸಿಕೊಂಡು, ಕೈಗಳನ್ನು ಮುಖದ ಎದುರು ಬಿಡಿಸಿ ಹಿಡಿದಾಗ ಮಾತ್ರ ಅದಕ್ಕೆ ಕಾಣುತ್ತದೆ. ಮೊದಲ ವಿನ್ಯಾಸದಲ್ಲಿ ಅದಕ್ಕೊಂದು ಮುದುಕನ ಮುಖವಿತ್ತು. ಡೆಲ್ ಟೊರೊ ಆ ಮುಖವನ್ನು ಅಳಿಸಿಹಾಕಲು ಹೇಳಿದರು. ಚಿತ್ರದ ಮೂಳೆ ನಡುಗಿಸುವ ಶಕ್ತಿ ಆ ಅಳಿಸುವಿಕೆಯಲ್ಲಿದೆ.

ಈ ರಾಕ್ಷಸನೂ ಫಾನೂ ಒಬ್ಬನೇ ನಟ, ಅಮೆರಿಕದ ಡಗ್ ಜೋನ್ಸ್. ಸ್ಪ್ಯಾನಿಷ್ ಬಾರದಿದ್ದರೂ ಫಾನಿನ ಮಾತುಗಳನ್ನು ಆ ಭಾಷೆಯಲ್ಲೇ ಕಲಿತು ಆಡಿದರು. ದನಿಯನ್ನು ನಂತರ ಬೇರೊಬ್ಬರಿಂದ ಕೊಡಿಸಲಾಯಿತು. ವೇಷ ಕಟ್ಟುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಬಿಳಿಚ ರಾಕ್ಷಸನ ವೇಷದಲ್ಲಿ ಅವರು ಹೊರಗೆ ನೋಡುತ್ತಿದ್ದುದು ಮುಖವಾಡದ ಮೂಗಿನ ಹೊಳ್ಳೆಗಳ ಮೂಲಕ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಚೌಕಿಯಲ್ಲಿ ಗಂಟೆಗಳ ಕಾಲ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವುದನ್ನು ಬಲ್ಲವರಿಗೆ ಈ ತಾಳ್ಮೆ ಹೊಸದಲ್ಲ. ರಾಕ್ಷಸನನ್ನು ಅಷ್ಟು ಶ್ರದ್ಧೆಯಿಂದ ಏಕೆ ಸಿಂಗರಿಸಬೇಕು ಎಂಬ ಪ್ರಶ್ನೆಗೆ ಎರಡೂ ಕಡೆ ಉತ್ತರ ಒಂದೇ. ಕೆಡುಕನ್ನು ಅಸಡ್ಡೆಯಿಂದ ಚಿತ್ರಿಸಿದರೆ ನೋಡುವವನೂ ಅಸಡ್ಡೆಯಿಂದ ನೋಡುತ್ತಾನೆ.

ಮೇಜಿನ ಸುತ್ತ ಕಣ್ಣಾಡಿಸಿದರೆ ಇನ್ನಷ್ಟು ಕಾಣುತ್ತದೆ. ಮೂಲೆಯಲ್ಲಿ ಮಕ್ಕಳ ಚಪ್ಪಲಿ, ಬೂಟುಗಳ ರಾಶಿ. ನಾಜಿ ಶಿಬಿರಗಳ ಚಿತ್ರ ನೋಡಿದವರಿಗೆ ವಿವರಣೆ ಬೇಕಿಲ್ಲ. ಮೇಲ್ಛಾವಣಿಯಲ್ಲಿ ಆ ಪ್ರಾಣಿ ಮಕ್ಕಳನ್ನು ತಿನ್ನುವ ವರ್ಣಚಿತ್ರಗಳು, ಚರ್ಚಿನ ಛಾವಣಿಯ ಶೈಲಿಯಲ್ಲಿ. ಎಚ್ಚರಗೊಂಡ ರಾಕ್ಷಸ, ಒಫೀಲಿಯಾಳ ಜೊತೆ ಬಂದ ಪುಟ್ಟ ಯಕ್ಷಿಣಿಯರ ತಲೆ ಕಚ್ಚಿ ಹರಿಯುವ ಭಂಗಿ ಸ್ಪೇನಿನ ಮಹಾ ಚಿತ್ರಕಾರ ಗೋಯಾ ತನ್ನ ಇಳಿವಯಸ್ಸಿನಲ್ಲಿ ಮನೆಯ ಗೋಡೆಯ ಮೇಲೆ ಬರೆದ, ಸ್ಯಾಟರ್ನ್ ತನ್ನ ಮಗನನ್ನು ತಿನ್ನುವ ಚಿತ್ರದಿಂದ ಬಂದದ್ದು. ಅದು ಈಗ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿದೆ. ಇನ್ನು ಆ ಮೇಜು? ಅದಕ್ಕೆ ಸ್ವಲ್ಪ ಮುಂಚೆ ಕ್ಯಾಪ್ಟನ್ ತನ್ನ ಅತಿಥಿಗಳಿಗೆ ಔತಣ ಕೊಡುವ ಮೇಜೇ ಅದು: ಅದೇ ಉದ್ದ, ತಲೆಯಲ್ಲಿ ಅದೇ ಯಜಮಾನಿಕೆಯ ಕೂರುವಿಕೆ. ಆ ಔತಣದಲ್ಲಿ ಪಾದ್ರಿಯೂ ಇರುತ್ತಾನೆ. ಹಳ್ಳಿಗರ ಪಡಿತರ ಕಡಿತ ಮಾಡುವ ಮಾತಿಗೆ ಅವನದೂ ಒಪ್ಪಿಗೆ.

ಸ್ಪೇನಿನಲ್ಲಿ ಪಡಿತರ ಚೀಟಿಯ ವ್ಯವಸ್ಥೆ 1939ರಿಂದ 1952ರವರೆಗೆ ನಡೆಯಿತು. ಅಲ್ಲಿನ ಹಿರಿಯರು ಆ ವರ್ಷಗಳನ್ನು ನೆನೆಯುವುದೇ ಹಸಿವಿನ ವರ್ಷಗಳೆಂದು. ಚಿತ್ರದಲ್ಲಿ ಸೈನಿಕನೊಬ್ಬ ಸಾಲು ನಿಂತ ಹಳ್ಳಿಗರಿಗೆ ಬ್ರೆಡ್ಡು ಹಂಚುತ್ತ, ಫ್ರಾಂಕೊನ ಸ್ಪೇನಿನಲ್ಲಿ ಒಲೆ ಉರಿಯದ ಮನೆಯಿಲ್ಲ, ಬ್ರೆಡ್ಡಿಲ್ಲದ ಮನೆಯಿಲ್ಲ ಎಂದು ಗಿಣಿಪಾಠ ಒಪ್ಪಿಸುತ್ತಾನೆ. ಉಗ್ರಾಣಕ್ಕೆ ಬೀಗ, ಬೀಗದ ಕೈ ಕ್ಯಾಪ್ಟನ್ನನ ಬಳಿ. ತುಂಬಿದ ಮೇಜಿನ ಮುಂದೆ ಕೂತು ಏನನ್ನೂ ಮುಟ್ಟದೆ, ಹಸಿದು ಬಂದು ಕೈ ಹಾಕಿದ ಮಗುವನ್ನು ತಿನ್ನಲು ಕಾಯುವ ಆ ಬಿಳಿಚ ಆಕೃತಿ ಯಾರೆಂದು ಈಗ ಹೇಳಬೇಕಿಲ್ಲ. ಅದಕ್ಕೆ ಕಣ್ಣು ಇದೆ, ಆದರೆ ತಟ್ಟೆಯಲ್ಲಿ. ಬೇಕಾದಾಗ ತೊಟ್ಟುಕೊಳ್ಳುತ್ತದೆ, ಬೇಡವಾದಾಗ ತೆಗೆದಿಡುತ್ತದೆ. ಆಹುತಿಯನ್ನು ಹುಡುಕಲು ಮಾತ್ರ ಅದಕ್ಕೆ ದೃಷ್ಟಿ ಬೇಕು.

ಚಿತ್ರ ಇಲ್ಲಿ ಇನ್ನೊಂದು ಜಾಣತನ ಮಾಡಿದೆ. ಆಜ್ಞೆ ಮೀರುವುದೆಲ್ಲ ಒಳ್ಳೆಯದು ಎಂಬ ಅಗ್ಗದ ಮಾತನ್ನು ಅದು ಆಡುವುದಿಲ್ಲ. ಆ ಮೇಜಿನ ಮೇಲಿನದೇನನ್ನೂ ತಿನ್ನಬೇಡ ಎಂದು ಫಾನ್ ಎಚ್ಚರಿಸಿತ್ತು. ಗೋಡೆಯಲ್ಲಿ ಮೂರು ಪುಟ್ಟ ಬಾಗಿಲುಗಳಿವೆ. ಯಕ್ಷಿಣಿಯರು ಒಂದನ್ನು ತೋರಿಸುತ್ತಾರೆ, ಒಫೀಲಿಯಾ ಇನ್ನೊಂದಕ್ಕೆ ಕೀಲಿ ಹಾಕುತ್ತಾಳೆ, ಅದೇ ಸರಿಯಾಗುತ್ತದೆ. ಅಲ್ಲಿಂದ ಕಠಾರಿ ತೆಗೆದುಕೊಂಡು ಮರಳುವಾಗ ಮೇಜಿನ ಮೇಲಿನ ದ್ರಾಕ್ಷಿ ಅವಳನ್ನು ಎಳೆಯುತ್ತದೆ. ಹಿಂದೊಂದು ರಾತ್ರಿ ಊಟವಿಲ್ಲದೆ ಮಲಗಿದ್ದ ಮಗು. ಎರಡು ದ್ರಾಕ್ಷಿ ತಿನ್ನುತ್ತಾಳೆ. ಇಬ್ಬರು ಯಕ್ಷಿಣಿಯರು ಸಾಯುತ್ತಾರೆ. ಹೀಗೆ ಒಂದೇ ಕೋಣೆಯೊಳಗೆ ಎರಡು ಬಾರಿ ಮಾತು ಮೀರುತ್ತಾಳೆ. ಒಂದು ಅವಳ ಅರಿವಿನಿಂದ ಬಂದದ್ದು, ಇನ್ನೊಂದು ನಾಲಗೆಯಿಂದ. ಮೊದಲನೆಯದು ದಾರಿ ತೋರಿಸಿತು, ಎರಡನೆಯದಕ್ಕೆ ಬೇರೆಯವರು ಪ್ರಾಣ ತೆತ್ತರು. ಬಂಡಾಯವೆಂದರೆ ಮೀಸೆ ತಿರುವುವ ಶೌರ್ಯವೆಂದುಕೊಂಡ ಎಳೆಯರಿಗೂ, ಎದುರುತ್ತರವೆಲ್ಲ ಅಪರಾಧವೆಂದುಕೊಂಡ ಹಿರಿಯರಿಗೂ ಈ ಕೋಣೆಯಲ್ಲಿ ಪಾಠವಿದೆ.

ಇದೇ ವಿಚಾರವನ್ನು ಚಿತ್ರ ಮೇಲಿನ ಲೋಕದಲ್ಲಿ ಇಬ್ಬರ ಮೂಲಕ ಮುಂದುವರಿಸುತ್ತದೆ. ಒಬ್ಬರು ಡಾಕ್ಟರ್ ಫೆರೆಯ್ರೊ. ಹಿಂಸೆಗೆ ಸಿಕ್ಕು ನಜ್ಜುಗುಜ್ಜಾದ ಸೆರೆಯಾಳನ್ನು ಮತ್ತಷ್ಟು ಹಿಂಸೆಗಾಗಿ ಬದುಕಿಸಿ ಕೊಡುವುದು ಅವರಿಗೆ ಬಂದ ಆಜ್ಞೆ. ಡಾಕ್ಟರು ಅವನೇ ಬೇಡಿಕೊಂಡಂತೆ ಇಂಜೆಕ್ಷನ್ ಕೊಟ್ಟು ಅವನ ನೋವಿಗೆ ಕೊನೆ ಹಾಡುತ್ತಾರೆ. ಹೇಳಿದಂತೆ ಕೇಳಬಹುದಿತ್ತಲ್ಲ ಎಂದು ಕ್ಯಾಪ್ಟನ್ ನಿಜವಾಗಿಯೂ ಅರ್ಥವಾಗದೆ ಕೇಳುತ್ತಾನೆ. ಪ್ರಶ್ನೆಯೇ ಇಲ್ಲದೆ, ಕೇಳುವುದಕ್ಕಾಗಿಯೇ ಕೇಳುವುದು ನಿನ್ನಂಥವರಿಗೆ ಮಾತ್ರ ಸಾಧ್ಯ ಎಂಬರ್ಥದ ಉತ್ತರ ಕೊಟ್ಟು, ಬ್ಯಾಗು ಹಿಡಿದು, ಮಳೆಯಲ್ಲಿ ನಡೆದು ಹೋಗುತ್ತಾರೆ. ಬೆನ್ನಿಗೆ ಗುಂಡು ಬೀಳುತ್ತದೆ. ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಅವರು ಓಡುವುದಿಲ್ಲ.

ಇನ್ನೊಬ್ಬಳು ಮನೆಗೆಲಸದ ಮೆರ್ಸೆಡಿಸ್. ಅವಳ ತಮ್ಮ ಕಾಡಿನ ಹೋರಾಟಗಾರರಲ್ಲೊಬ್ಬ. ಕ್ಯಾಪ್ಟನ್ನನ ಕಾಫಿ ಮಾಡುತ್ತ, ಬಟ್ಟೆ ನೋಡಿಕೊಳ್ಳುತ್ತ, ಅವಳು ಕಾಡಿಗೆ ಔಷಧ, ಪತ್ರ, ಉಗ್ರಾಣದ ಬೀಗದ ಕೈ ಸಾಗಿಸುತ್ತಾಳೆ. ತಿಂಗಳುಗಟ್ಟಲೆ ಅವನಿಗೆ ತಿಳಿಯುವುದಿಲ್ಲ. ಅವಳೇ ಹೇಳುವಂತೆ, ಅವಳು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಕೊನೆಗೆ ಸಿಕ್ಕಿಬಿದ್ದಾಗ, ಇವಳೊಬ್ಬಳು ಹೆಂಗಸು ತಾನೇ ಎಂದು ಕಾವಲಿನವನನ್ನು ಹೊರಗೆ ಕಳಿಸುತ್ತಾನೆ. ದಿನವೂ ತರಕಾರಿ ಹೆಚ್ಚುವ ಪುಟ್ಟ ಚಾಕುವನ್ನು ಅವಳು ನಡುವಿನ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವುದನ್ನು ಪ್ರೇಕ್ಷಕರು ಮೊದಲ ಭಾಗದಲ್ಲೇ ನೋಡಿರುತ್ತಾರೆ. ಕ್ಯಾಪ್ಟನ್ ನೋಡಿರುವುದಿಲ್ಲ. ಅಧಿಕಾರದ ಕುರುಡುತನಕ್ಕೆ ಅಡುಗೆಮನೆಯೇ ಬುದ್ಧಿ ಕಲಿಸಿದ ಪ್ರಸಂಗ ಅದು. ಮನೆಯಲ್ಲಿ ದುಡಿಯುವವರ ಹೆಸರು, ಮುಖ ಗಮನಿಸದೆ ಬದುಕುವ ಯಾರಿಗಾದರೂ ಆ ದೃಶ್ಯ ಚುರುಕು ಮುಟ್ಟಿಸಬೇಕು. ಕ್ಯಾಪ್ಟನ್ನನಾಗಿ ಸೆರ್ಗಿ ಲೋಪೆಜ್, ಮೆರ್ಸೆಡಿಸ್ ಆಗಿ ಮರಿಬೆಲ್ ವೆರ್ದು ಇಬ್ಬರೂ ದನಿ ಏರಿಸದೆ ಇದನ್ನು ಸಾಧಿಸಿದ್ದಾರೆ.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಕಠಿಣ. ಅಷ್ಟು ಹೊತ್ತಿಗೆ ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದಾಳೆ. ದ್ರಾಕ್ಷಿಯ ತಪ್ಪಿಗಾಗಿ ಫಾನ್ ಕೈಬಿಟ್ಟು ಹೋಗಿ ಮತ್ತೆ ಬಂದಿದೆ. ಇನ್ನೊಂದು ಅವಕಾಶ ಕೊಡುತ್ತೇನೆ, ಆದರೆ ಈ ಸಲ ಮರುಮಾತಿಲ್ಲದೆ ಹೇಳಿದ್ದು ಮಾಡಬೇಕು ಎನ್ನುತ್ತದೆ. ಅವಳು ಒಪ್ಪುತ್ತಾಳೆ. ಹಸುಗೂಸು ತಮ್ಮನನ್ನು ಎತ್ತಿಕೊಂಡು ಚಕ್ರವ್ಯೂಹದ ನಡುವಿಗೆ ಬರುತ್ತಾಳೆ. ಫಾನ್ ಕಠಾರಿ ಹಿಡಿದು ಕಾಯುತ್ತಿದೆ. ಪಾತಾಳದ ಬಾಗಿಲು ತೆರೆಯಲು ಮುಗ್ಧನೊಬ್ಬನ ರಕ್ತ ಬೇಕು, ಎರಡೇ ಹನಿ ಸಾಕು, ಸ್ವಲ್ಪ ಚುಚ್ಚಿದರಾಯಿತು. ಇದು ಕ್ಯಾಪ್ಟನ್ನನ ಆಜ್ಞೆಯಂಥದ್ದಲ್ಲ. ಕೇಳುತ್ತಿರುವುದು ಅವಳನ್ನು ರಾಜಕುಮಾರಿ ಎಂದು ಕರೆದ ಒಂದೇ ಒಂದು ದನಿ. ಕೊಡುತ್ತಿರುವುದು ತಾಯಿ, ತಂದೆ, ಮನೆ, ಅಮರತ್ವ. ಕೇಳುವುದು ಬಹಳ ಕಡಿಮೆ, ಕೊಡುವುದು ಬಹಳ ಹೆಚ್ಚು. ಅವಳು ತಮ್ಮನ ಮುಖ ನೋಡುತ್ತಾಳೆ. ಕೊಡುವುದಿಲ್ಲ ಎನ್ನುತ್ತಾಳೆ.

ದುಷ್ಟನ ಆಜ್ಞೆಯನ್ನು ಧಿಕ್ಕರಿಸಿದವರಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಪ್ರಹ್ಲಾದನ ಕಥೆ ಕೇಳಿ ಬೆಳೆದ ಯಾವ ಮಗುವಿಗೂ ಅದರಲ್ಲಿ ಸಂಶಯವಿಲ್ಲ. ಆದರೆ ನಾವು ಪ್ರೀತಿಸುವ, ನಂಬುವ, ಪೂಜಿಸುವ ದನಿಯೇ ಅನ್ಯಾಯವನ್ನು ಕೇಳಿದರೆ? ಪರಶುರಾಮನ ಕಥೆ ಇಲ್ಲಿ ನೆನಪಾಗದೆ ಇರದು. ತಾಯಿ ರೇಣುಕೆಯ ತಲೆ ಕಡಿ ಎಂದು ತಂದೆ ಜಮದಗ್ನಿ ಹೇಳುತ್ತಾನೆ. ಕಿರಿಯ ಮಗ ಕೊಡಲಿ ಎತ್ತುತ್ತಾನೆ, ಆಮೇಲೆ ವರ ಬೇಡಿ ತಾಯಿಯನ್ನು ಬದುಕಿಸಿಕೊಳ್ಳುತ್ತಾನೆ. ಪಿತೃವಾಕ್ಯ ಪರಿಪಾಲನೆಯ ಮಾದರಿಯಾಗಿ ಅವನ ಹೆಸರು ಉಳಿಯಿತು. ಅವನಿಗಿಂತ ಮೊದಲು ಅದೇ ಆಜ್ಞೆ ಬಂದದ್ದು ನಾಲ್ವರು ಅಣ್ಣಂದಿರಿಗೆ. ಅವರು ಆ ಕೆಲಸಕ್ಕೆ ಕೈ ಹಾಕಲಿಲ್ಲ, ತಂದೆಯ ಶಾಪಕ್ಕೆ ಗುರಿಯಾದರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸವದತ್ತಿಯ ಗುಡ್ಡಕ್ಕೆ ಉಧೋ ಎನ್ನುತ್ತ ಹತ್ತುವ ಲಕ್ಷಾಂತರ ಜನ ಕೈ ಮುಗಿಯುವುದು ಆ ತಾಯಿಗೆ. ಕೊಡಲಿ ಎತ್ತದ ಆ ನಾಲ್ವರನ್ನು ಮಾತ್ರ ನಾವು ಮರೆತೆವು. ಒಫೀಲಿಯಾ ಅವರ ತಂಗಿ. ಕೇಳಿದವರು ಯಾರೇ ಆಗಲಿ, ಎದುರಿಗಿರುವ ಜೀವದ ಮುಖವನ್ನು ಮೊದಲು ನೋಡಿದವರ ಸಾಲು ಅದು.

ಹಿಂದೆಯೇ ಬಂದ ಕ್ಯಾಪ್ಟನ್ನನಿಗೆ ಫಾನ್ ಕಾಣುವುದಿಲ್ಲ. ಹುಡುಗಿ ಖಾಲಿ ಗಾಳಿಯ ಜೊತೆ ಮಾತಾಡುತ್ತಿರುವಂತೆ ಅವನಿಗೆ ತೋರುತ್ತದೆ. ಮಗುವನ್ನು ಕಸಿದುಕೊಂಡು ಅವಳಿಗೆ ಗುಂಡು ಹೊಡೆಯುತ್ತಾನೆ. ಬಾಗಿಲು ತೆರೆಯಬೇಕಾದ ರಕ್ತ ಅವಳದೇ ಆಗುತ್ತದೆ. ಹೊಂಬೆಳಕಿನ ಸಭಾಂಗಣದಲ್ಲಿ ಅವಳು ಎದ್ದು ನಿಲ್ಲುತ್ತಾಳೆ. ಬೇರೆಯವರ ರಕ್ತದ ಬದಲು ತನ್ನದನ್ನು ಚೆಲ್ಲಿದ್ದೇ ಕೊನೆಯ ಪರೀಕ್ಷೆಯಲ್ಲಿ ಗೆದ್ದಂತೆ ಎಂದು ತಂದೆ ಹೇಳುತ್ತಾನೆ. ಮರುಕ್ಷಣ ನೀಲಿ ಬೆಳಕು, ಕಲ್ಲಿನ ಮೇಲೆ ಸಾಯುತ್ತಿರುವ ಮಗು, ಮೆರ್ಸೆಡಿಸ್ ಗುನುಗುವ ಪದಗಳಿಲ್ಲದ ಜೋಗುಳ. ಹವಿಯೆರ್ ನವರ್ರೆತೆ ಸಂಯೋಜಿಸಿದ ಆ ರಾಗ ಚಿತ್ರದುದ್ದಕ್ಕೂ ಹರಿದು ಬಂದು ಇಲ್ಲಿ ನಿಲ್ಲುತ್ತದೆ.

ಪಾತಾಳ ನಿಜವೋ, ನೊಂದ ಮಗುವಿನ ಕಲ್ಪನೆಯೋ ಎಂಬ ವಾದ ಇಂದಿಗೂ ನಡೆಯುತ್ತದೆ. ತಮ್ಮ ಮಟ್ಟಿಗೆ ಅದು ನಿಜ ಎಂದು ನಿರ್ದೇಶಕರು ಹೇಳಿಕೊಂಡಿದ್ದಾರೆ. ಕಾವಲಿದ್ದ ಕೋಣೆಯಿಂದ ಹುಡುಗಿ ಸೀಮೆಸುಣ್ಣದ ಬಾಗಿಲಿನಿಂದಲ್ಲದೆ ಹೊರಬರುವುದು ಹೇಗೆ ಎಂಬ ಸುಳಿವೂ ಚಿತ್ರದಲ್ಲಿದೆ. ಆದರೆ ನೀತಿಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಬೇಕಾಗಿಲ್ಲ. ಪಾತಾಳ ಇದ್ದರೆ ಅವಳಿಗೆ ಸಿಂಹಾಸನ ಸಿಕ್ಕಿತು. ಇಲ್ಲದಿದ್ದರೂ ಒಂದು ಹಸುಗೂಸು ಬದುಕಿತು. ಫಲ ಸಿಗುವುದೆಂದು ಅವಳು ಆ ಮಾತು ಆಡಲಿಲ್ಲ. ಎಲ್ಲ ಫಲ ಕೈತಪ್ಪುತ್ತದೆಂದು ತಿಳಿದೇ ಆಡಿದಳು. ಸ್ವರ್ಗದ ಲೆಕ್ಕ ತೆಗೆದುಹಾಕಿದ ಮೇಲೂ ಉಳಿಯುವ ಒಳ್ಳೆಯತನವೇ ಒಳ್ಳೆಯತನ.

ಚಿತ್ರದ ಮೇಲೆ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ವಿದಾಲ್‌ನಲ್ಲಿ ಒಳ್ಳೆಯದರ ಎಳೆಯೇ ಇಲ್ಲ, ಅವನು ಜಾನಪದ ಕಥೆಯ ತೋಳದಷ್ಟೇ ಸರಳ ಎನ್ನುತ್ತಾರೆ ಕೆಲವರು. ಅದು ಅರ್ಧ ನಿಜ. ಇನ್ನರ್ಧ ಅವನ ಗಡಿಯಾರದಲ್ಲಿದೆ. ರಣರಂಗದಲ್ಲಿ ಸಾಯುವಾಗ ಅವನ ತಂದೆ ತನ್ನ ಗಡಿಯಾರವನ್ನು ಒಡೆದು, ತಾನು ಸತ್ತ ಗಳಿಗೆ ಮಗನಿಗೆ ತಿಳಿಯುವಂತೆ ಮಾಡಿದನೆಂಬ ಕಥೆ ಇದೆ. ಒಡೆದ ಗಾಜಿನ ಅದೇ ಗಡಿಯಾರವನ್ನು ರಿಪೇರಿ ಮಾಡಿ ಮಗ ದಿನವೂ ಉಜ್ಜುತ್ತಾನೆ. ಅವನೂ ಒಬ್ಬ ವಿಧೇಯ ಮಗ. ಸತ್ತ ತಂದೆಯ ಆಜ್ಞೆಯಲ್ಲಿ ಬದುಕುತ್ತಿರುವವನು. ತನ್ನ ಮಗನಿಗೂ ಅದೇ ಗಳಿಗೆಯನ್ನು ಬಿಟ್ಟುಹೋಗಬೇಕೆಂದು ಬಯಸುತ್ತಾನೆ. ಆ ಮಗುವಿಗೆ ನಿನ್ನ ಹೆಸರೂ ತಿಳಿಯುವುದಿಲ್ಲ ಎಂದು ಮೆರ್ಸೆಡಿಸ್ ಹೇಳುವ ಮಾತು ಅವನಿಗೆ ಬೀಳುವ ಗುಂಡಿಗಿಂತ ದೊಡ್ಡ ಶಿಕ್ಷೆ. ಕ್ರೌರ್ಯ ವಂಶದ ಆಸ್ತಿಯಾಗಿ ಇಳಿದು ಬರುವುದನ್ನು ಯಾರಾದರೊಬ್ಬರು ಒಂದು ಕಡೆ ತಡೆಯಲೇಬೇಕು.

ಫ್ರಾಂಕೊ 1975ರಲ್ಲಿ ಸತ್ತ. ಪ್ರಜಾಪ್ರಭುತ್ವಕ್ಕೆ ಮರಳುವಾಗ ಸ್ಪೇನು 1977ರ ಕ್ಷಮಾದಾನ ಕಾನೂನಿನೊಂದಿಗೆ ಹಳೆಯದನ್ನು ಕೆದಕದಿರಲು ನಿರ್ಧರಿಸಿತು. ಕಣ್ಣು ತಟ್ಟೆಯಲ್ಲಿಟ್ಟು ಶಾಂತಿ ಕೊಂಡಂತೆ ಎಂದು ಅನೇಕರಿಗೆ ಅನ್ನಿಸಿತು. ಹೆಸರಿಲ್ಲದ ಸಾಮೂಹಿಕ ಗೋರಿಗಳಲ್ಲಿ ಮಲಗಿದ್ದವರ ಮನೆಯವರು ಮಾತ್ರ ಸುಮ್ಮನಾಗಲಿಲ್ಲ. ಸಂತ್ರಸ್ತರನ್ನು ಗುರುತಿಸಿ ಗೌರವಿಸುವ ಐತಿಹಾಸಿಕ ಸ್ಮೃತಿಯ ಕಾನೂನು 2007ರಲ್ಲಿ ಬಂತು, ಈ ಚಿತ್ರ ಬಂದ ಮರುವರ್ಷ. ಚಿತ್ರದಿಂದ ಕಾನೂನು ಬಂತೆಂದಲ್ಲ. ಒಂದು ಸಮಾಜ ತಿರುಗಿ ನೋಡಲು ಧೈರ್ಯ ಮಾಡುತ್ತಿದ್ದ ಕಾಲದಲ್ಲಿ, ಆ ನೋಟಕ್ಕೆ ಬೇಕಾದ ಕಣ್ಣನ್ನು ಕಲೆಯೂ ಹುಡುಕುತ್ತಿತ್ತು ಎಂದಷ್ಟೇ. ನೇರವಾಗಿ ನೋಡಲಾಗದ್ದನ್ನು ರಾಕ್ಷಸನ ವೇಷ ಹಾಕಿಸಿಯಾದರೂ ನೋಡಬಹುದು. ಕತ್ತಲ ಕಥೆಗಳ ಉಪಕಾರ ಇದೇ.

ಈ ಚಿತ್ರವನ್ನು ಚಿಕ್ಕ ಮಕ್ಕಳಿಗೆ ತೋರಿಸಬೇಡಿ. ಯಕ್ಷಿಣಿಯರಿದ್ದಾರೆಂದು ಮಕ್ಕಳ ಸಿನಿಮಾ ಎಂದುಕೊಂಡು ಮೋಸಹೋದವರು ಬಹಳ. ದೊಡ್ಡವರು ನೋಡಿ, ಸಾಧ್ಯವಾದರೆ ದೀಪ ಆರಿಸಿ, ಕೈಯಲ್ಲಿ ಮೊಬೈಲಿಲ್ಲದೆ ನೋಡಿ. ಚೆಲುವನ್ನು ಮೆಚ್ಚಿ, ಆದರೆ ಮೆಚ್ಚಿ ನಿಲ್ಲಬೇಡಿ. ನಾಳೆ ನಿಮಗೂ ಒಂದು ಆಜ್ಞೆ ಬರುತ್ತದೆ. ಮೇಲಧಿಕಾರಿಯಿಂದ ಬರಬಹುದು, ಮನೆಯ ಹಿರಿಯರಿಂದ, ಜಾತಿಯವರಿಂದ, ನೀವು ಪ್ರೀತಿಸುವ ನಾಯಕನಿಂದಲೂ ಬರಬಹುದು. ಎರಡೇ ಹನಿ ಸಾಕು ಎಂದು ಅದು ಹೇಳಬಹುದು. ಕೈ ಎತ್ತುವ ಮುಂಚೆ ಚೀಲವನ್ನು ತಳದವರೆಗೆ ನೋಡಿ, ಎದುರಿಗಿರುವವರ ಮುಖ ನೋಡಿ. ನೋಡಿದ ಮೇಲೂ ಸರಿಯೆನಿಸಿದರೆ ಮಾಡಿ. ಇಲ್ಲವಾದರೆ ಇಲ್ಲ ಎನ್ನಿ, ಕೇಳಿದವರು ಯಾರೇ ಆಗಿರಲಿ.